ಏಳನೇ ಕಾಲಂ: ಕಟ್ಟ ಒಡೆದ ಕಾರಣ

ಕಟ್ಟದಬೈಲು, ಗುಲ್ವಾಡಿಯ ಹತ್ತಿರ
ಸಂಕಷ್ಟಿಯ ಸಂಜೆ

ತ್ರಾಸಿಯಲ್ಲಿ ಮಗಳ ಮನೆಯಲ್ಲಿರುವ ಬೇಬಿ ಅಕ್ಕನಿಗೆ, ಹೊಳೆಯ ಈಚೆ ದಂಡೆಯ ಸ್ವರ್ಣಲತಾ ಮಾಡುವ ನಮಸ್ಕಾರಗಳು.

ಅಕ್ಷರ ಕಂಡ ಕೂಡಲೇ ಯಾರದೆಂದು ನಿಮಗೆ ಗೊತ್ತಾಗಿರುತ್ತದೆ. ಈ ಗುಂಡು ಅಕ್ಷರವನ್ನು ನೀವು ಎಂಟು ವರ್ಷದ ಹಿಂದೆ ಪಂಚಾಯತ್ ಕಚೇರಿಯ ಗೋಡೆಯ ಮೇಲೆ ಓದಿದ್ದೀರಿ. ಕಾಗದ ಹರಿದು ಹಾಕಬೇಕು ಅನಿಸಿದರೆ ಹರಿಯಿರಿ, ಬೇಡ ಎನ್ನಲು ನನಗೆ ಬಾಯಿಲ್ಲ. ಕೊನೆಯವರೆಗೆ ಓದಿ ಆಮೇಲೆ ಹರಿಯಿರಿ ಎಂದಷ್ಟೇ ಕೇಳುತ್ತೇನೆ. ನಿಮ್ಮ ಕಣ್ಣು ಈಗ ಮಂಜಾಗಿದೆ ಎಂದು ಕೇಳಿದೆ. ರಮಿತಾ ಓದಿ ಹೇಳುವುದಾದರೆ ಅವಳೂ ಕೇಳಲಿ. ಇದು ಅವಳ ಅಪ್ಪನ ವಿಷಯ.

ಹೋದ ವಾರ ಇಂಜಿನಿಯರ್ ರಕ್ಷಿತ್ ನಿಮ್ಮಲ್ಲಿಗೆ ಬಂದಿದ್ದರಲ್ಲ, ಅವರು ಬಂದು ಎಲ್ಲ ಹೇಳಿದರು. ನೀವು ಕುಳ್ಳಿರಿಸಿ ಚಾ ಕೊಟ್ಟದ್ದು, ನಕ್ಷೆ ಬಿಡಿಸಿ ತೋರಿಸಿದಾಗ ನೋಡಿದ್ದು, ಕೊನೆಗೆ ಒಂದೇ ಮಾತು ಹೇಳಿದ್ದು. "ನನ್ ಗಂಡನ ಹೆಸ್ರ್ ಹಾಳ್ ಮಾಡಿದ್ ಹೊಳಿಗೆ ನಾ ಸೈನ್ ಹಾಕುದಿಲ್ಲೆ. ಚಾ ಕುಡ್ಕಂಡ್ ಹೋಯ್ನಿ." ರಕ್ಷಿತ್‌ಗೆ ಅದರ ತಲೆಬುಡ ಗೊತ್ತಿಲ್ಲ. ಅವರು ಬ್ರಹ್ಮಾವರ ಕಡೆಯವರು, ನಮ್ಮ ಊರಿಗೆ ಬಂದು ಎರಡು ವರ್ಷ ಆದದ್ದು. "ಆ ಅಮ್ಮಂಗೆ ಎಂತದೋ ಬೇಜಾರ್ ಇತ್ತ್ ಅಕ್ಕ, ನೀವೇ ಒಂದ್ಸಲ ಹೋಯಿ ಮಾತಾಡಿ" ಎಂದರು. ನನಗೆ ಹೋಗುವ ಧೈರ್ಯ ಬರಲಿಲ್ಲ. ಅದಕ್ಕೇ ಈ ಕಾಗದ.

ಸಂಗತಿ ಇಷ್ಟು. ನಮ್ಮ ಹೊಳೆಗೆ ಹಲಗೆ ಹಾಕುವ ಕಿಂಡಿ ಅಣೆಕಟ್ಟು ಆಗಬೇಕು ಎಂದು ಮತ್ತೊಮ್ಮೆ ಅರ್ಜಿ ಹಾಕುತ್ತಿದ್ದೇವೆ. ದೊಡ್ಡ ಪಾಲು ಸರ್ಕಾರದ್ದು, ಸ್ವಲ್ಪ ಎರಡೂ ದಂಡೆಯ ಪಂಚಾಯತುಗಳದ್ದು, ಉಳಿದ ಸಣ್ಣ ಪಾಲು ನೀರು ಬಳಸುವ ನಮ್ಮದು. ಆ ಪಾಲನ್ನು ನಾವು ಮೈಮುರಿದು ದುಡಿದೂ ತೀರಿಸಬಹುದಂತೆ. ಆದರೆ ಒಂದು ದಂಡೆಯವರು ಮಾತ್ರ ಕೇಳಿದರೆ ಕೊಡುವುದಿಲ್ಲ, ಇಬ್ಬರೂ ಕೂಡಿಯೇ ಕೇಳಬೇಕು. ಬೈಂದೂರು, ಕುಂದಾಪುರ, ಬ್ರಹ್ಮಾವರ, ಮೂರೂ ತಾಲೂಕಿನ ಅರ್ಜಿಗಳು ಒಂದೇ ಮೇಜಿಗೆ ಹೋಗುತ್ತವೆ. ಕಾಗದ ಸರಿ ಇಲ್ಲದ್ದನ್ನು ಮೊದಲೇ ಬದಿಗೆ ಇಡುತ್ತಾರೆ. ಆಚೆ ದಂಡೆಯಲ್ಲಿ ಅಣೆಕಟ್ಟಿನ ತುದಿ ಕೂರುವ ಜಾಗ ನಿಮ್ಮ ಪಹಣಿಯಲ್ಲಿದೆ. ನಿಮ್ಮ ಒಪ್ಪಿಗೆ ಇಲ್ಲದಿದ್ದರೆ ಅರ್ಜಿಯೇ ಇಲ್ಲ. ತಿಂಗಳ ಕೊನೆಗೆ ಗಡುವು.

ಇಷ್ಟು ಓದಿ ನೀವು ಅಂದುಕೊಳ್ಳುತ್ತೀರಿ, ಇವಳು ಸಹಿ ಕೇಳಲು ಬೆಣ್ಣೆ ಹಚ್ಚುತ್ತಿದ್ದಾಳೆ ಎಂದು. ಒಪ್ಪಿಗೆ ಪತ್ರವನ್ನು ಈ ಲಕೋಟೆಯಲ್ಲಿ ಇಟ್ಟಿಲ್ಲ ಅಕ್ಕ. ಬೇಕೆಂದೇ ಇಟ್ಟಿಲ್ಲ. ನಾನು ಹೇಳಬೇಕಾದದ್ದು ಬೇರೆ, ಅದನ್ನು ಸಹಿಯ ಜೊತೆ ಕಟ್ಟಿದರೆ ವ್ಯಾಪಾರ ಆಗುತ್ತದೆ.

ಅರ್ಜಿಯಲ್ಲಿ ಏಳನೇ ಕಾಲಂ ಒಂದಿದೆ. "ಈ ಸ್ಥಳದಲ್ಲಿ ಹಿಂದೆ ಇದ್ದ ರಚನೆ ಮತ್ತು ಅದು ಹಾಳಾದ ಕಾರಣ." ಎಂಟು ವರ್ಷದ ಹಿಂದಿನ ಅರ್ಜಿಯಲ್ಲೂ ಹೀಗೆಯೇ ಇತ್ತು. ಅಲ್ಲಿ ನಾನು ಏನು ಬರೆದೆ ಎಂದು ನಿಮಗೆ ಬಾಯಿಪಾಠ ಬರುತ್ತದೆ. "ಪ್ರತಿವರ್ಷ ಕಟ್ಟುತ್ತಿದ್ದ ಮಣ್ಣಿನ ಕಟ್ಟವನ್ನು ಆಚೆ ದಂಡೆಯ ಬಚ್ಚ ಎಂಬವರು ಒಡೆದ ಕಾರಣ." ನೀರು ಬಳಸುವವರ ಸಂಘದ ಅಧ್ಯಕ್ಷ ಪಾಂಡಣ್ಣ ಹೇಳಿದ್ದು, ಕಾರ್ಯದರ್ಶಿ ನಾನು ಬರೆದದ್ದು. ಅಕ್ಷರ ಚೆಂದ ಎಂದು ಊರು ನನಗೆ ಈ ಕೆಲಸ ಕೊಟ್ಟದ್ದು. ಬರೆಯುವಾಗ ಪೆನ್ನು ಒಂದು ಕ್ಷಣವೂ ನಿಲ್ಲಲಿಲ್ಲ. ನಿಲ್ಲಿಸಿದ್ದರೆ ಯಾಕೆಂದು ಕೇಳುತ್ತಿದ್ದರು.

ಅಕ್ಕ, ಕಟ್ಟ ಒಡೆದದ್ದು ಬಚ್ಚಣ್ಣ ಅಲ್ಲ. ನಾನು.

ಈ ಒಂದು ಸಾಲು ಬರೆಯಲು ಹನ್ನೆರಡು ವರ್ಷ ಬೇಕಾಯಿತು. ಬರೆದ ಮೇಲೆ ಎದ್ದು ಹೋಗಿ ದನಕ್ಕೆ ಹುಲ್ಲು ಹಾಕಿ, ಕೈ ತೊಳೆದು ಬಂದು ಮತ್ತೆ ಕೂತಿದ್ದೇನೆ. ಈಗ ಉಳಿದದ್ದನ್ನು ಸರಿಯಾಗಿ ಹೇಳುತ್ತೇನೆ, ನನಗೆ ಅನುಕೂಲವಾಗುವಂತೆ ಅಲ್ಲ.

ಕಟ್ಟ ಕಟ್ಟುವ ಕ್ರಮ ರಮಿತಾಗೆ ನೆನಪಿದೆಯೋ ಇಲ್ಲವೋ. ತುಳಸಿ ಪೂಜೆ ಕಳೆದು ಹೊಳೆ ತಗ್ಗಿದ ಮೇಲೆ ಎರಡೂ ದಂಡೆಯವರು ತಮ್ಮ ತಮ್ಮ ಕಡೆಯಿಂದ ಗೂಟ ಹೊಡೆದು, ತೆಂಗಿನ ಮಡಲು ಹೆಣೆದು, ಹುಲ್ಲು ತುಂಬಿ, ಮಣ್ಣು ಮೆತ್ತುತ್ತಾ ನಡುನೀರಿಗೆ ಬರುತ್ತಿದ್ದರು. ಮೊದಲ ಮಣ್ಣಿನ ಹೆಂಟೆ ಯಾವಾಗಲೂ ನಿಮ್ಮ ದಂಡೆಯದು, ಏಕೆಂದರೆ ಕಟ್ಟ ಇಲ್ಲದಿದ್ದರೆ ಕಡಲ ಉಪ್ಪುನೀರು ಮೊದಲು ನುಗ್ಗುವುದು ನಿಮ್ಮ ಬಾವಿಗಳಿಗೆ. ನಡುವೆ ಉಳಿದ ಕಂಡಿಯನ್ನು ಮುಚ್ಚಲು ಆ ಕಡೆಯಿಂದ ಒಬ್ಬರು, ಈ ಕಡೆಯಿಂದ ಒಬ್ಬರು ಒಟ್ಟಿಗೆ ನೀರಿಗೆ ಇಳಿಯಬೇಕು. ನಿಮ್ಮ ಕಡೆಯಿಂದ ಇಳಿಯುತ್ತಿದ್ದದ್ದು ಬಚ್ಚಣ್ಣ. ಎದೆಮಟ್ಟ ನೀರಿನಲ್ಲಿ ನಿಂತು, ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡೇ, ಈ ಕಡೆಯವರಿಗೆ ತಮಾಷೆ ಮಾಡುತ್ತಾ ಮಣ್ಣು ಒತ್ತುತ್ತಿದ್ದರು. ನಾವು ಹೆಂಗಸರು ಮಣ್ಣಿನ ಹೆಡಿಗೆ ಹೊತ್ತು ಸಾಲಾಗಿ ನಿಂತಿರುತ್ತಿದ್ದೆವು. ನೀವು ನನ್ನ ಎದುರು ದಂಡೆಯಲ್ಲಿ. ಯಾರ ಸಾಲು ಮೊದಲು ನಡುನೀರು ಮುಟ್ಟುತ್ತದೆ ಎಂದು ನಮ್ಮೊಳಗೆ ಪಂಥ ಬೇರೆ.

ಕಟ್ಟದಲ್ಲಿ ನೀರು ಹೆಚ್ಚಾದರೆ ಸ್ವಲ್ಪ ಬಿಡಬಹುದು. ಆದರೆ ಅದಕ್ಕೂ ಕ್ರಮ ಇತ್ತು. ಎರಡೂ ಕಡೆಯ ಮುಖಂಡರು ಒಪ್ಪಬೇಕು, ಇಳಿತದ ಹೊತ್ತಿಗೆ ಮಾತ್ರ ತೆಗೆಯಬೇಕು, ಉಬ್ಬರ ತಿರುಗುವ ಮೊದಲೇ ಮುಚ್ಚಬೇಕು, ಅಲ್ಲಿಯವರೆಗೆ ದಂಡೆಗೊಬ್ಬರು ಕಾವಲು ನಿಲ್ಲಬೇಕು. ಆ ವರ್ಷ ನಮ್ಮ ತಗ್ಗಿನ ಗದ್ದೆಗೆ ಉದ್ದು ಹಾಕಿದ್ದೆ. ಕಟ್ಟದ ನೀರು ಏರಿ ಎರಡು ದಿನದಿಂದ ಸಸಿ ಮುಳುಗಿ ನಿಂತಿತ್ತು. ಕೇಳಬೇಕಿತ್ತು. ಪಾಂಡಣ್ಣನನ್ನು ಕೇಳಿದರೆ ಭಾನುವಾರ ನೋಡುವ ಎನ್ನುತ್ತಾರೆ, ಗಂಡಸರು ಕೇಳಿದರೆ ಇವತ್ತು, ಹೆಂಗಸು ಕೇಳಿದರೆ ಭಾನುವಾರ. ಆ ಸಿಟ್ಟು ನನಗೆ ಮೊದಲಿನಿಂದಲೂ ಇತ್ತು. ಹೊಳೆಗೆ ಹಾಕಿದ ಮರದ ಸಂಕ ದಾಟಿ ಬಂದು ಬಚ್ಚಣ್ಣನನ್ನು ಕೇಳಿದ್ದರೆ ಅವರು ಆ ಕೂಡಲೇ ಮಣ್ಣು ಎಳೆಯುವ ಹಾರೆ ಹಿಡಿದು ಹೊರಡುತ್ತಿದ್ದರು. ಅದು ಈಗ ತಿಳಿಯುತ್ತದೆ.

ಆ ದಿನ ಬೆಳಿಗ್ಗೆ ಅತ್ತೆಗೆ ಗಂಜಿ ಬಡಿಸಲು ಹೋದೆ. "ಇವತ್ತ್ ಸಂಕಷ್ಟಿ ಅಲ್ದಾ ಹೆಣೆ, ನಂಗ್ ಗಂಜಿ ಬ್ಯಾಡ" ಎಂದರು. ನನ್ನ ತಲೆ ಅಲ್ಲಿಂದಲೇ ಲೆಕ್ಕ ಹಾಕಿತು. ಹುಣ್ಣಿಮೆಯಿಂದ ದಿನಕ್ಕೆ ಎರಡು ಗಳಿಗೆಯಂತೆ, ಅಂದರೆ ಮುಕ್ಕಾಲು ಗಂಟೆಯಂತೆ, ನೀರು ತಡವಾಗುತ್ತದೆ. ಸಂಕಷ್ಟಿ ಎಂದರೆ ನಮ್ಮ ಕಟ್ಟದ ಹತ್ತಿರ ಉಬ್ಬರ ತಿರುಗುವುದು ಎಂಟೂವರೆ ದಾಟಿ. ಏಳಕ್ಕೆ ಒಂದು ಗೇಣು ತೆಗೆದರೆ ಎಂಟೂಕಾಲಿಗೆ ಮುಚ್ಚಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಹಾಗೆಯೇ ಮಾಡಿದೆ. ಹಾರೆಯನ್ನು ಕಟ್ಟದ ಮೇಲೆಯೇ ಇಟ್ಟು, ಹಾಲು ಕರೆದು ಡೈರಿಗೆ ಕೊಟ್ಟು ಬರಲು ಮನೆಗೆ ಹೋದೆ.

ಅಂದು ಸಂಕಷ್ಟಿ ಅಲ್ಲ, ಅಕ್ಕ. ಹಿಂದಿನ ದಿನ, ನೀರು ಎರಡು ಗಳಿಗೆ ಮೊದಲೇ ತಿರುಗುವ ದಿನ. ಅತ್ತೆಗೆ ವಯಸ್ಸಾಗಿ ದಿನ ತಪ್ಪಿ, ತದಿಗೆಗೇ ಉಪವಾಸ ಹಿಡಿದಿದ್ದರು. ಮರುದಿನ ಗೊತ್ತಾದಾಗ ಮತ್ತೊಂದು ದಿನ ಉಪವಾಸ ಕೂತು, ಎರಡರಲ್ಲಿ ಯಾವುದು ಬೇಕೋ ಗಣಪತಿ ಅದನ್ನು ಇಟ್ಟುಕೊಳ್ಳಲಿ ಎಂದರು. ಮನೆಯಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕ ಹಾಗೆ ಮಾಡಿದೆ. ಗೋಡೆಯಲ್ಲಿ ಕ್ಯಾಲೆಂಡರ್ ತೂಗುತ್ತಿತ್ತು. ಕತ್ತೆತ್ತಿ ಒಮ್ಮೆ ನೋಡಿದ್ದರೆ ಸಾಕಿತ್ತು. ಅತ್ತೆಯ ಉಪವಾಸಕ್ಕಿಂತ ದೊಡ್ಡ ಪಂಚಾಂಗ ಉಂಟೇ ಎಂದು ನಂಬಿದೆ. ಅವರು ತೀರಿಹೋಗುವವರೆಗೆ ನಾನು ಅವರಿಗೆ ಇದನ್ನು ಹೇಳಲಿಲ್ಲ, ಅಷ್ಟರ ಮಟ್ಟಿಗೆ ಒಂದು ಒಳ್ಳೆಯ ಕೆಲಸ ಮಾಡಿದ್ದೇನೆ.

ಎಂಟೂಕಾಲಿಗೆ ಬಂದು ನೋಡಿದರೆ ಗೇಣು ಇದ್ದದ್ದು ಮಾರು ಆಗಿತ್ತು. ಒಳಗಿನ ನೀರು ಹೊರಗೆ ಹೋಗುವಾಗ ಎರಡು ಬದಿಯ ಮಣ್ಣನ್ನು ತಿಂದು ಹಾಕಿತ್ತು, ಅಷ್ಟರಲ್ಲಿ ಉಬ್ಬರ ತಿರುಗಿ ಅರ್ಧ ಗಂಟೆ ಕಳೆದಿತ್ತು. ಕಡಲ ನೀರು ಬುಳುಬುಳು ಎಂದು ಮೇಲೆ ನುಗ್ಗುತ್ತಿತ್ತು. ಎರಡು ಮಡಲು ಅಡ್ಡ ಇಟ್ಟೆ, ಕಿತ್ತುಕೊಂಡು ಹೋಯಿತು. ಸೊಂಟದವರೆಗೆ ಇಳಿದೆ, ಕಾಲು ನಿಲ್ಲಲಿಲ್ಲ. ಕೂಗಿ ಜನ ಕರೆಯಬೇಕಿತ್ತು. ಕೂಗಿದರೆ ಯಾರು ತೆಗೆದದ್ದು ಎಂದು ಕೇಳುತ್ತಾರಲ್ಲ. ನಾನು ಓಡಿಹೋದೆ, ಅಕ್ಕ. ಹಾರೆಯನ್ನೂ ಅಲ್ಲೇ ಬಿಟ್ಟು ಓಡಿದೆ.

ತೋಟದ ಬೇಲಿಯ ಹತ್ತಿರ ಬಂದಾಗ ಹಿಂದಿನಿಂದ ಬಚ್ಚಣ್ಣನ ಕೂಗು ಕೇಳಿತು. "ಹ್ವಾಯ್, ಯಾರಾರೂ ಬನ್ನಿ, ಮಡ್ಲ್ ತನ್ನಿ." ಅವರು ಒಬ್ಬರೇ ಕಂಡಿಗೆ ಇಳಿದಿದ್ದರು. ನನ್ನ ಹಾರೆಯಿಂದಲೇ ದಂಡೆಯ ಮಣ್ಣು ಎಳೆದು ಹಾಕುತ್ತಿದ್ದರು. ನಾನು ಬೇಲಿಯ ಈಚೆ ನಿಂತು ನೋಡಿದೆ. ಪಾಂಡಣ್ಣ ಮತ್ತು ಉಳಿದವರು ಓಡಿ ಬರುವಾಗ ಅವರ ಕಣ್ಣಿಗೆ ಬಿದ್ದದ್ದು ಒಡೆದ ಕಟ್ಟ, ಅದರ ನಡುವೆ ಹಾರೆ ಹಿಡಿದ ಬಚ್ಚಣ್ಣ. ಮರುದಿನದ ಪಂಚಾಯಿತಿಯಲ್ಲಿ ಪಾಂಡಣ್ಣ ಹೇಳಿದ್ದು ನೀವೇ ಕೇಳಿದ್ದೀರಿ. "ಹಾರಿ ಹಿಡ್ಕಂಡ್ ನಿಂತದ್ದ್ ನಾನೇ ಕಂಡದ್ದ್. ಇನ್ನೆಂತ ಸಾಕ್ಷಿ ಬೇಕ್ ನಿಮ್ಗೆ?" ಚಿಪ್ಪುಮೀನು ಹೆಕ್ಕಲಿಕ್ಕೆ ನೀರು ಬಿಟ್ಟದ್ದು ಎಂದು ಯಾರೋ ಸೇರಿಸಿದರು. ಬಚ್ಚಣ್ಣ ಎದ್ದು ನಿಂತು ಅಂದದ್ದು ಒಂದೇ ಮಾತು. "ಒಡ್ದದ್ದ್ ಒಡ್ದ್ ಹೋಯ್ತ್. ಮುಚ್ಚುಕೆ ಎಷ್ಟ್ ಜನ ಬತ್ರಿ, ಅದ್ ಹೇಳಿ." ಅಲ್ಲ ಎಂದು ಹೇಳಲಿಲ್ಲವಲ್ಲ, ಹಾಗಾದರೆ ಹೌದು ಎಂದು ಊರು ತಿಳಿಯಿತು. ಮುಚ್ಚಲಿಕ್ಕೂ ಯಾರೂ ಹೋಗಲಿಲ್ಲ. ನಾನು ಹೆಂಗಸರ ಸಾಲಿನಲ್ಲಿ ಕೂತಿದ್ದೆ. ನೀವು ನನ್ನ ಪಕ್ಕದಲ್ಲೇ ಇದ್ದಿರಿ. ನಾನು ನಿಮ್ಮ ಕೈ ಹಿಡಿದುಕೊಂಡೆ.

ಈಗ ನಿಮಗೆ ಗೊತ್ತಿಲ್ಲದ್ದು ಹೇಳುತ್ತೇನೆ. ಪಂಚಾಯಿತಿ ಆಗಿ ನಾಲ್ಕನೇ ದಿನ ಬಚ್ಚಣ್ಣ ನಮ್ಮ ಮನೆಗೆ ಬಂದಿದ್ದರು. ಕೈಯಲ್ಲಿ ನನ್ನ ಹಾರೆ. ಹಿಡಿಯ ಮೇಲೆ ನಮ್ಮ ಮನೆಯ ಗುರುತು ಕೆತ್ತಿದೆ, ಅವರಿಗೆ ಅದು ಗೊತ್ತಿಲ್ಲದ್ದಲ್ಲ, ಎಷ್ಟೋ ವರ್ಷ ಕಟ್ಟದ ಕೆಲಸದಲ್ಲಿ ಅದೇ ಹಾರೆ ಕೇಳಿ ಪಡೆದು ಬಳಸಿದವರು. ಅವರು ಅಂಗಳದಲ್ಲೇ ನಿಂತು ಅಂದರು, "ಉಪ್ಪ್ ನೀರ್ ತಾಗಿರೆ ತುಕ್ಕ್ ಹಿಡಿತ್ತ್. ತೊಳ್ದಿದೆ, ಒಳ್ಗ್ ಇಡ್ ಹೆಣೆ." ಅಷ್ಟೇ. ಗೋಡೆಗೆ ಒರಗಿಸಿ, ಅತ್ತೆಯನ್ನು ಮಾತಾಡಿಸಿ, ಬೆಲ್ಲ ನೀರು ಕುಡಿದು ಹೋದರು. ಹಾರೆಯ ಸಂದಿಯಲ್ಲಿ ಒಂದು ಚೂರು ಮಣ್ಣು ಸಹ ಇರಲಿಲ್ಲ. ಪಂಚಾಯಿತಿಯಲ್ಲಿ ಅದನ್ನು ಎತ್ತಿ ತೋರಿಸಿದ್ದರೆ ಅವರು ಅಂದೇ ಪಾರಾಗುತ್ತಿದ್ದರು.

ನಿಮಗೂ ಅವರು ಹೇಳಿರಲಿಕ್ಕಿಲ್ಲ ಎಂದು ನನಗೆ ಗೊತ್ತು. ಹೇಳಿದ್ದರೆ ಆ ಬೇಸಿಗೆಯಲ್ಲಿ ನೀವು ನನ್ನ ಬಾವಿಗೆ ಬರುತ್ತಿರಲಿಲ್ಲ. ನಿಮ್ಮ ದಂಡೆಯ ಬಾವಿಗಳೆಲ್ಲ ಉಪ್ಪಾದವು, ಸುಗ್ಗಿಯ ಪೈರು ಒಂದೇ ವಾರದಲ್ಲಿ ಕೆಂಪಾಯಿತು. ನಮ್ಮ ಬಾವಿ ಎತ್ತರದಲ್ಲಿ, ಮುರಕಲ್ಲಿನ ಮೇಲೆ ಇರುವುದರಿಂದ ಸಿಹಿಯಾಗಿಯೇ ಉಳಿಯಿತು. ದಿನಾ ಬೆಳಿಗ್ಗೆ ನೀವೂ ರಮಿತಾನೂ ಸಂಕ ದಾಟಿ ಕೊಡ ಹೊತ್ತು ಬರುತ್ತಿದ್ದಿರಿ. ಈಚೆ ದಂಡೆಯ ಎಷ್ಟೋ ಮನೆಗಳು ನಿಮಗೆ ಬಾವಿಗೆ ಹಗ್ಗ ಇಳಿಸಲು ಬಿಡಲಿಲ್ಲ. ನಾನು ಬಿಟ್ಟೆ. ಬಿಟ್ಟದ್ದಷ್ಟೇ ಅಲ್ಲ, ನಾನೇ ಸೇದಿ ನಿಮ್ಮ ಕೊಡಕ್ಕೆ ತುಂಬಿಸುತ್ತಿದ್ದೆ. ಒಂದು ದಿನ ಕೊಡ ಸೊಂಟಕ್ಕೇರಿಸಿಕೊಂಡು ನೀವು ನನ್ನ ಕೈ ಹಿಡಿದು ಹೇಳಿದಿರಿ, "ನಿನ್ ಕೈ ತಂಪಾಗಿರ್ಲಿ ಲತಾ, ಈ ಊರಗೆ ಮನ್ಷ್ರ್ ಅಂದ್ರೆ ನೀನೊಬ್ಳೆ." ಆ ಮಾತು ನನ್ನನ್ನು ತಿಂದಷ್ಟು ಊರಿನ ಯಾವ ಬೈಗುಳವೂ ಯಾರನ್ನೂ ತಿಂದಿರಲಿಕ್ಕಿಲ್ಲ. ಅಂದೇ ಹೇಳಬೇಕಿತ್ತು. ನಾಳೆ ಹೇಳುತ್ತೇನೆ ಎಂದುಕೊಂಡೆ. ಮರುದಿನ ನೀವು ಬಂದಿರಿ, ನಾನು ಮತ್ತೆ ನೀರು ಸೇದಿದೆ.

ಆಮೇಲೆ ಕಟ್ಟ ಏಳಲೇ ಇಲ್ಲ. ಆ ಕಡೆಯಿಂದ ಕಂಡಿಗೆ ಇಳಿಯುವವರು ಇಲ್ಲ, ಈ ಕಡೆಯವರು ಕರೆಯಲೂ ಇಲ್ಲ. ಆಮೇಲೆ ನಾನು ಬರೆದ ಆ ಅರ್ಜಿ ಗೋಡೆಗೆ ಏರಿತು. ನಿಮ್ಮ ದಂಡೆಯವರು ಸಿಟ್ಟಿನಿಂದ ಒಪ್ಪಲಿಲ್ಲ, ಅದು ವಾಪಸು ಬಂತು. ಮರುವರ್ಷ ನೀವಿಬ್ಬರೂ ತ್ರಾಸಿಗೆ ಹೋದಿರಿ. ಅದಕ್ಕೆ ಮೊದಲು ಒಮ್ಮೆ ಕುಂದಾಪುರ ಬಸ್ ಸ್ಟ್ಯಾಂಡಿನಲ್ಲಿ ಬಚ್ಚಣ್ಣ ಸಿಕ್ಕಿದ್ದರು. ಗೋಡೆಯ ಕಾಗದ ಅವರು ಓದಿ ತಿಂಗಳಾಗಿತ್ತು, ಅಕ್ಷರ ಯಾರದೆಂದೂ ಗೊತ್ತಿತ್ತು. ನಾನು ತಲೆ ತಗ್ಗಿಸಿ ಸರಿದು ಹೋಗಲು ನೋಡಿದೆ. ಅವರೇ ಹತ್ತಿರ ಬಂದು "ನಿಮ್ ಬಾಯಿ ನೀರ್ ಸಮ ಇತ್ತಾ ಹೆಣೆ?" ಎಂದು ಕೇಳಿದರು. ಬಾವಿಯ ನೀರು ಸರಿ ಇದೆಯೇ ಎಂದು. ನಾನು ಇದೆ ಎಂದೆ. ಬೈಂದೂರು ಬಸ್ಸು ಬಂತು, ಹತ್ತಿದರು. ಅದೇ ಕೊನೆ. ಮೂರು ವರ್ಷದ ಹಿಂದೆ ಅವರು ತೀರಿಕೊಂಡಾಗ ನಾನು ತ್ರಾಸಿಗೆ ಬಂದೆ, ನಿಮ್ಮ ಮನೆಯ ಬೇಲಿಯ ದಣಪೆಯವರೆಗೂ ಬಂದೆ. ಒಳಗೆ ಬರಲಿಲ್ಲ.

ಅವರು ಯಾಕೆ ಹೇಳಲಿಲ್ಲ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ನನ್ನ ಮೇಲಿನ ಕನಿಕರ ಇರಬಹುದು. ಹೇಳಿದರೆ ಈಚೆ ದಂಡೆ ಆಚೆ ದಂಡೆ ಹೊಡೆದಾಡಿ ಕಟ್ಟವೇ ಇಲ್ಲದಂತಾಗುತ್ತದೆ ಎಂಬ ಹೆದರಿಕೆ ಇರಬಹುದು. ತಪ್ಪು ಒಬ್ಬನ ಮೇಲೆ ಬಿದ್ದರೆ ಒಂದು ವರ್ಷದಲ್ಲಿ ಮರೆತು ಮತ್ತೆ ಕಟ್ಟುತ್ತಾರೆ ಎಂದು ಅವರು ಅಂದುಕೊಂಡಿರಬೇಕು. ನಾವು ಅಷ್ಟು ಒಳ್ಳೆಯವರಾಗಿರಲಿಲ್ಲ.

ಮೊನ್ನೆ ಅರ್ಜಿ ತುಂಬಲು ಕೂತಾಗ ಏಳನೇ ಕಾಲಂ ಹತ್ತಿರ ನಾನು ನಿಂತೆ. ರಕ್ಷಿತ್ ಹೇಳಿದರು, "ಅದ್ ಯಾರೂ ಓದುದಿಲ್ಲೆ ಅಕ್ಕ. ನೆರೆ ಬಂದ್ ಹೋಯ್ತ್ ಅಂದ್ ಬರ್ದ್ ಬಿಡಿ." ಎಷ್ಟು ಸುಲಭ ನೋಡಿ. ನೆರೆ ಎಂದರೆ ಯಾರ ಹೆಸರೂ ಬೇಡ. ಬಚ್ಚಣ್ಣನ ಹೆಸರೂ ಹೋಗುತ್ತದೆ, ನನ್ನದೂ ಬರುವುದಿಲ್ಲ. ಅರ್ಧ ಗಂಟೆ ಪೆನ್ನು ಹಿಡಿದು ಕೂತೆ. ಆದರೆ ಕಾಗದದಲ್ಲಿ ಬರೆದು ಕೆಡಿಸಿದ್ದನ್ನು ಕಾಗದದಲ್ಲೇ ಸರಿ ಮಾಡಬೇಕು, ಇಲ್ಲವಾದರೆ ಅವರ ಹೆಸರು ಎಂದಿಗೂ ಹಿಂದಿನ ಅರ್ಜಿಯಲ್ಲೇ ಉಳಿಯುತ್ತದೆ. ನಾನು ಬರೆದದ್ದು ಇದು:

"ಪ್ರತಿವರ್ಷ ಎರಡೂ ದಂಡೆಯವರು ಕಟ್ಟುತ್ತಿದ್ದ ಮಣ್ಣಿನ ಕಟ್ಟವನ್ನು ಸಂಘದ ಕಾರ್ಯದರ್ಶಿ ಸ್ವರ್ಣಲತಾ ಯಾರನ್ನೂ ಕೇಳದೆ ತೆಗೆದ ಕಾರಣ, ಉಬ್ಬರದ ಲೆಕ್ಕ ತಪ್ಪಿ ಅದು ಒಡೆಯಿತು. ಆಚೆ ದಂಡೆಯ ಬಚ್ಚ ಎಂಬವರು ಒಬ್ಬರೇ ನೀರಿಗೆ ಇಳಿದು ಮುಚ್ಚಲು ಪ್ರಯತ್ನಿಸಿದರು. ಹಿಂದಿನ ಅರ್ಜಿಯಲ್ಲಿ ಬರೆದದ್ದು ಸುಳ್ಳು."

ರಕ್ಷಿತ್ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು.

ಸೋಮವಾರ ಗ್ರಾಮಸಭೆ. ಅರ್ಜಿಯನ್ನು ಕಾಲಂ ಕಾಲಂ ಆಗಿ ಓದುವುದು ಕಾರ್ಯದರ್ಶಿಯ ಕೆಲಸ, ಓದುತ್ತೇನೆ. ಪಾಂಡಣ್ಣ ಎದುರೇ ಕೂತಿರುತ್ತಾರೆ. ಆಮೇಲೆ ನನ್ನನ್ನು ಸಂಘದಲ್ಲಿ ಇಟ್ಟುಕೊಳ್ಳುವುದಿಲ್ಲ, ಅದು ಸರಿಯೇ. ನನ್ನ ಬಾವಿಗೆ ಬಂದು ಹಗ್ಗ ಬಿಡುವವರು ಕಡಿಮೆಯಾಗಬಹುದು. ನನ್ನ ಯಜಮಾನರಿಗೆ ನಿನ್ನೆ ಹೇಳಿದೆ. ಅವರು "ಆ ಹಾರಿ ನಾ ಎಷ್ಟ್ ವರ್ಷ ಹಿಡ್ದ್ ದುಡ್ದೆ" ಎಂದಷ್ಟೇ ಹೇಳಿ ಹೊರಗೆ ಹೋದರು. ಊರಿಗೆ ಹೇಳುವ ಮೊದಲು ನಿಮಗೆ ತಿಳಿಯಬೇಕು ಎಂದು ಈ ಕಾಗದವನ್ನು ಇವತ್ತೇ ಹಾಕುತ್ತಿದ್ದೇನೆ. ಶನಿವಾರದೊಳಗೆ ನಿಮ್ಮ ಕೈ ಸೇರುತ್ತದೆ.

ನೀವು ಸಹಿ ಹಾಕಿದರೂ ಹಾಕದಿದ್ದರೂ ನಾನು ಓದುವುದು ಓದುವುದೇ. ಹಾಕಲೇಬೇಕು ಎಂದು ಯಾರೂ ನಿಮ್ಮಲ್ಲಿಗೆ ಬರುವುದಿಲ್ಲ, ನೀವಾಗಿ ಕರೆದರೆ ಮಾತ್ರ ರಕ್ಷಿತ್ ಬರುತ್ತಾರೆ. ಹಾಕದೆ ಇದ್ದರೆ ಈ ಸಲವೂ ಅಣೆಕಟ್ಟು ಇಲ್ಲ, ಎರಡೂ ದಂಡೆಯ ಬಾವಿಗಳು ಇನ್ನೂ ಕೆಲವು ವರ್ಷ ಉಪ್ಪಾಗಿಯೇ ಇರುತ್ತವೆ. ಆ ತಪ್ಪು ಕೂಡ ನನ್ನದೇ ಲೆಕ್ಕಕ್ಕೆ, ನಿಮ್ಮದಲ್ಲ. ಅದನ್ನೂ ಸಭೆಯಲ್ಲಿ ಹೇಳುತ್ತೇನೆ.

ಇವತ್ತು ನಿಜವಾದ ಸಂಕಷ್ಟಿ. ಕ್ಯಾಲೆಂಡರ್ ನೋಡಿ, ಭಟ್ಟರನ್ನೂ ಕೇಳಿ ಖಚಿತ ಮಾಡಿಕೊಂಡೆ. ಬೆಳಿಗ್ಗೆ ಎಂಟೂವರೆಗೆ ಕಟ್ಟ ಇದ್ದ ಜಾಗಕ್ಕೆ ಹೋಗಿ ನಿಂತಿದ್ದೆ. ಹಳೆಯ ಗೂಟಗಳು ನಾಲ್ಕೈದು ನೀರಿನಲ್ಲಿ ಇನ್ನೂ ಇವೆ, ನಿಮ್ಮ ಕಡೆಯವು ಹೆಚ್ಚು ಗಟ್ಟಿ. ನೀರು ಸರಿಯಾದ ಹೊತ್ತಿಗೇ ತಿರುಗಿತು.

ಅಕ್ಕ, ನನ್ನ ಬಾವಿಕಟ್ಟೆಯಲ್ಲಿ ನಿಂತು ನೀವು ನನ್ನ ಕೈ ತಂಪಾಗಿರಲಿ ಎಂದು ಹರಸಿದ್ದಿರಿ. ಹನ್ನೆರಡು ವರ್ಷ ಅದನ್ನು ನಾನು ಇಟ್ಟುಕೊಂಡೆ. ಅದು ನನಗೆ ಸೇರಿದ್ದಲ್ಲ. ನನ್ನ ಹಾರೆ ತೊಳೆದು ತಂದುಕೊಟ್ಟ ಕೈಗೆ ಸೇರಬೇಕಾದದ್ದು. ಅವರಿಲ್ಲ, ಹಾಗಾಗಿ ಇದರೊಟ್ಟಿಗೆ ನಿಮಗೇ ಹಿಂದಕ್ಕೆ ಕಳಿಸುತ್ತಿದ್ದೇನೆ. ನಿಮ್ಮ ಕೈ ತಂಪಾಗಿರಲಿ. ರಮಿತಾಳ ಕೈ, ಅವಳ ಮಕ್ಕಳ ಕೈ ತಂಪಾಗಿರಲಿ. ನಿಮ್ಮ ಬಾವಿ ಸಿಹಿಯಾಗಲಿ.

ಹಾರೆ ಒಳಗೇ ಇದೆ, ತುಕ್ಕು ಹಿಡಿದಿಲ್ಲ.

ಇಷ್ಟು ಹೇಳಿ ನಿಮ್ಮ ಕಾಲಿಗೆ ಬೀಳುವ,
ಈಚೆ ದಂಡೆಯ ಸ್ವರ್ಣಲತಾ